ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಜೋಡಿ ಸೈಕಲ್

ಮಿನ್ನೆಸೋಟದ ಆ ಪುಟ್ಟ ಊರಿನಲ್ಲಿ ವರ್ಲಿನ್ ಮತ್ತು ಆರ್ಡಿಸ್ ದಂಪತಿ ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ ಆ ಬೇಸಿಗೆ ಒಂದು ಕೆಟ್ಟ ಚಾಳಿ ಕಲಿತಿತ್ತು. ಸರೋವರದ ಸುತ್ತಲಿನ ಸಪಾಟು ದಾರಿಯಲ್ಲಿ ಸಾಧುವಿನಂತೆ ಓಡುತ್ತಿದ್ದದ್ದು, ಚರ್ಚಿನ ಏರಿನಲ್ಲಿ ಬಲ ಹಾಕಿ ತುಳಿದರೆ ಸಾಕು, ಕಟಕ್ ಎಂದು ಚೈನು ಜಾರಿಸುತ್ತಿತ್ತು. ಹಿಂದಿನ ಸೀಟಿನ ಆರ್ಡಿಸ್‌ಳ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಮುಂದೆ ಕೂತ ವರ್ಲಿನ್ ತಿರುಗಿಯೂ ನೋಡದೆ ಕೂಗುತ್ತಿದ್ದ: "ತುಳಿಯೋದು ನಿಲ್ಲಿಸ್ಬೇಡ ಅಂತ ಎಷ್ಟು ಸಲ ಹೇಳ್ಲಿ!"

"ನಿಲ್ಸಿಲ್ಲ ಮಾರಾಯ! ಚೈನು ಜಾರ್ತಿದೆ."

"ಹೊಸ ಚೈನು ಕಣೇ ಅದು. ಮೊನ್ನೆ ನಾನೇ ಹಾಕಿದ್ದು. ಹೊಸದು ಯಾಕೆ ಜಾರತ್ತೆ?"

ಒಂದು ಬೆಳಿಗ್ಗೆ ಆರ್ಡಿಸ್‌ಗೆ ಸಾಕಾಯಿತು. ಏರಿನ ಬುಡದಲ್ಲೇ ಇಳಿದು, "ಒಬ್ಬನೇ ಹತ್ತಿಸು, ನೋಡೋಣ" ಎಂದಳು.

ವರ್ಲಿನ್ ಹತ್ತಿಸಿದ. ಅರ್ಧ ದಾರಿಗೆ ಕಟಕ್ ಎಂದಿತು. "ನೋಡು, ಮತ್ತೆ ನಿಲ್ಲಿಸ್ದೆ!" ಎಂದು ಹಿಂದಿನ ಖಾಲಿ ಸೀಟಿಗೆ ಗದರಿಸುತ್ತಲೇ, ಹಲ್ಲಿನ ಡಾಕ್ಟರ್ ಫೊಸಮ್ ಅವರ ಬೇಲಿಯೊಳಗೆ ಸೈಕಲ್ ಸಮೇತ ಬಿದ್ದ.

ಮೆಟ್ಟಿಲ ಮೇಲೆ ಕೂತು ತಿಂಡಿ ತಿನ್ನುತ್ತಿದ್ದ ಡಾಕ್ಟರು ತಟ್ಟೆ ಕೆಳಗಿಟ್ಟು ಬಂದರು. ವರ್ಲಿನ್‌ನನ್ನು ದಾಟಿ, ಸೈಕಲ್ಲಿನ ಹಿಂಚಕ್ರಕ್ಕೆ ಬಗ್ಗಿ ನೋಡಿದರು.

"ಒಳಗೆ ತನ್ನಿ. ಇಲ್ಲಿ ಬೆಳಕು ಸಾಲಲ್ಲ."

ಅಷ್ಟರಲ್ಲಿ ಆರ್ಡಿಸ್ ಕೂಡ ಓಡಿ ಬಂದಳು. ಮೂವರೂ ಸೇರಿ ಅದನ್ನು ಮನೆಯಲ್ಲೇ ಇದ್ದ ದವಾಖಾನೆಯ ಕುರ್ಚಿಯ ಮೇಲೆ ಒರಗಿಸಿದರು. ಡಾಕ್ಟರು ರೋಗಿಗಳ ಕೊರಳಿಗೆ ಕಟ್ಟುವ ಕಾಗದದ ಎದೆವಸ್ತ್ರವನ್ನು ಹ್ಯಾಂಡಲಿಗೆ ಕಟ್ಟಿ, ದೀಪ ಎಳೆದರು.

"ಎಷ್ಟು ದಿನದಿಂದ?"

"ಇವ್ನು ಹೊಸ ಚೈನು ಹಾಕಿದಾಗಿಂದ," ಎಂದಳು ಆರ್ಡಿಸ್. "ಮೆತ್ತಗೆ ತುಳಿದ್ರೆ ಏನೂ ಇಲ್ಲ. ಜೋರು ಹಾಕಿದ್ರೆ ಮಾತ್ರ."

ಆಗಲೇ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಪಕ್ಕದ ಬೀದಿಯ ಮಾರ್ಲಿಸ್ ಬಂದಳು. ಕುರ್ಚಿ ನೋಡಿ, "ಪಾಪ, ಮೊದಲು ಅದಕ್ಕಾಗ್ಲಿ. ನಂದೇನು ಅವಸರ ಇಲ್ಲ" ಎಂದು ಮೂಲೆಯಲ್ಲಿ ಕೂತಳು.

ಡಾಕ್ಟರು ಚೈನಿನ ಒಂದೊಂದು ಕೊಂಡಿಯನ್ನೂ ಬಗ್ಗಿಸಿ ನೋಡಿದರು. ಯಾವುದೂ ಬಿಗಿದಿರಲಿಲ್ಲ. ಆಮೇಲೆ ಪುಟ್ಟ ಕನ್ನಡಿ ಹಿಡಿದು, ಹಿಂಚಕ್ರದಲ್ಲಿ ಚೈನು ಕೂರುವ ಫ್ರೀವೀಲಿನ ಹಲ್ಲುಗಳನ್ನು ಸೂಜಿಯಿಂದ ತಡವಿದರು. ವರ್ಲಿನ್ ತನಗರಿವಿಲ್ಲದೆ ಬಾಯಿ ತೆರೆದಿದ್ದ.

"ಬಾಯಿ ಮುಚ್ಕೊಳ್ಳಿ, ನಿಮ್ದಲ್ಲ," ಎಂದರು ಡಾಕ್ಟರು. "ಇದರ ಹಲ್ಲು ಒಂದು ಕಡೆ ಸವೆದು ಕೊಕ್ಕೆ ಆಗಿದೆ. ಹಳೇ ಚೈನು, ಹಳೇ ಹಲ್ಲು ಜೊತೇಲೇ ಸವೆದಿದ್ವು, ಹೆಂಗೋ ಹೊಂದ್ಕೊಂಡಿದ್ವು. ನೀವು ಚೈನು ಮಾತ್ರ ಬದಲಾಯಿಸಿದ್ರಿ. ಹೊಸದು ಇದರಲ್ಲಿ ಕೂರಲ್ಲ. ಬಲ ಬಿದ್ರೆ ಹಲ್ಲಿನ ಮೇಲೆ ಹತ್ತಿ ಹಾರತ್ತೆ."

"ಹಾಗಾದ್ರೆ ನಾನಲ್ಲ," ಎಂದಳು ಆರ್ಡಿಸ್.

"ನೀವಲ್ಲ. ಎಲ್ಲಾ ಕೀಳಿಸಿ ಹೊಸ ಫ್ರೀವೀಲ್ ಹಾಕ್ಬೇಕು."

ವರ್ಲಿನ್‌ನ ಮುಖ ಇಳಿಯಿತು. "ನೋವಾಗತ್ತಾ?" ಎಂದು ಕೇಳಿಬಿಟ್ಟ. ಯಾರೂ ನಗಲಿಲ್ಲ. ಮಾರ್ಲಿಸ್ ಎದ್ದು ಬಂದು ಅವನ ಭುಜ ತಟ್ಟಿದಳು.

ಶನಿವಾರ ವರ್ಲಿನ್ ಹೊಸ ಫ್ರೀವೀಲ್ ಹಾಕಿದ. ಸೈಕಲ್ ಇಬ್ಬರನ್ನೂ ಹೊತ್ತು ಚಕಾರ ಎತ್ತದೆ ಏರು ಹತ್ತಿತು. ತುದಿಯಲ್ಲಿ ಅವನು ಕಾಲೂರಿ ನಿಂತ. ಕ್ಷಮೆ ಕೇಳುವುದು ಅವನಿಗೆ ಒಗ್ಗದ ವಿದ್ಯೆ. ಸರೋವರವನ್ನೇ ನೋಡುತ್ತ, "ನಾಳೆಯಿಂದ ಮುಂದಿನ ಸೀಟಲ್ಲಿ ನೀನು ಕೂತ್ಕೋತೀಯಾ?" ಎಂದ.

ಆರ್ಡಿಸ್ ಯೋಚಿಸಿದಳು.

"ಬೇಡಪ್ಪ. ಹುಳ ಎಲ್ಲಾ ಬಾಯಿಗೇ ಬರತ್ತೆ. ನಿನ್ನ ಬೆನ್ನು ಅಗಲ ಇದೆ, ನೀನೇ ಇರು."