ಹೊಟ್ಟೆಯ ಮೇಲಿನ ಗೆರೆಗಳು

ಹನ್ನೊಂದು ವರ್ಷಗಳಿಂದ ಅವಳ ಕಿಬ್ಬೊಟ್ಟೆಯ ನೋವಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಅವಳು ಕೆಲಸಕ್ಕಿದ್ದ ಇಸ್ತ್ರಿ ಅಂಗಡಿಯ ಮಾಲೀಕ ನೆಪ ಎಂದ. ಗಂಡ ನಾಟಕ ಎಂದ. ಸ್ಕ್ಯಾನಿಂಗ್‌ನವರು ಎಲ್ಲ ನಾರ್ಮಲ್ ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಹೆತ್ತ ತಾಯಿಯಂತೂ, "ಹೆಣ್ಣಾದ್ಮೇಲೆ ಇದೆಲ್ಲ ಇದ್ದಿದ್ದೇ. ನಾನು ಸಹಿಸ್ಕೊಳ್ಲಿಲ್ವಾ?" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಎಲ್ಲಕ್ಕಿಂತ ಮೈ ಉರಿಯುತ್ತಿದ್ದುದು ಈ ಮಾತಿಗೇ.

ಕೊನೆಗೆ ಒಬ್ಬ ಸರ್ಜನ್ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಇಂಥ ನೋವಿನ ಕಾರಣ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಬೇಕು, ಏನೂ ಸಿಗದೆಯೂ ಇರಬಹುದು ಎಂದರು. ಅವಳ ಜೀವ ಬಾಯಿಗೆ ಬಂದದ್ದು ಆ ಕೊನೆಯ ಮಾತಿಗೆ. ಬೇರೆಯವರು ಏನೂ ಇಲ್ಲದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾರೆ. ಇವಳು ಏನಾದರೂ ಸಿಗಲಪ್ಪಾ ಎಂದು ಬೇಡಿಕೊಂಡೇ ಆಪರೇಷನ್ ಟೇಬಲ್ ಹತ್ತಿದಳು. ಸಿಕ್ಕಿದರೆ ಅಮ್ಮನ ಮುಖಕ್ಕೆ ಎಸೆಯಲು ನಾಲ್ಕು ಮಾತು ಮಸೆದಿಟ್ಟುಕೊಂಡಿದ್ದಳು.

ಸಿಕ್ಕಿತು. ಅಂಡಾಶಯ ಕರುಳಿಗೆ ಅಂಟಿಕೊಂಡಿತ್ತು, ಗರ್ಭಕೋಶದ ಹಿಂಭಾಗದಲ್ಲೆಲ್ಲ ಕಪ್ಪು ಕಲೆ. ಆದಷ್ಟು ತೆಗೆದಿದ್ದೇವೆ, ಮತ್ತೆ ಬರಲೂಬಹುದು ಎಂದರು ಸರ್ಜನ್. ಚೀಟಿಯಲ್ಲಿದ್ದ ಎಂಡೊಮೆಟ್ರಿಯೋಸಿಸ್ ಎಂಬ ಹೆಸರನ್ನು ಅವಳು ಎರಡೆರಡು ಸಲ ಓದಿದಳು. ಅಷ್ಟುದ್ದದ ಹೆಸರಿರುವ ಕಾಯಿಲೆಯನ್ನು ಇನ್ನು ಯಾರೂ ನಾಟಕ ಎನ್ನಲಾರರು.

ಮರುದಿನ ಬ್ಯಾಂಡೇಜ್ ಬದಲಿಸುವಾಗ ಸರ್ಜನ್ ಅವಳ ಹೊಟ್ಟೆಯ ಮೇಲೆ ಬಲೆಯಂತೆ ಹರಡಿದ್ದ ಕಂದು ಗೆರೆಗಳನ್ನು ತೋರಿಸಿ, ಬಿಸಿನೀರಿನ ಚೀಲ ಯಾವಾಗಲೂ ಇಟ್ಟುಕೊಳ್ಳುತ್ತಿದ್ದೆಯಾ ಎಂದು ಕೇಳಿದರು. ಪಕ್ಕದಲ್ಲಿದ್ದ ಅಮ್ಮ ನಕ್ಕಳು.

"ಅದು ನಮ್ಮ ಮನೆತನದ ಗುರುತು ಡಾಕ್ಟ್ರೇ. ನನಗೂ ಇದೆ, ನಮ್ಮಮ್ಮನಿಗೂ ಇತ್ತು."

"ಇದು ಹುಟ್ಟಿನಿಂದ ಬರೋದಲ್ಲಮ್ಮ. ವರ್ಷಗಟ್ಟಲೆ ಬಿಸಿ ಒತ್ತಿಕೊಂಡ್ರೆ ಬರೋದು."

ಅಮ್ಮನ ನಗು ಅಲ್ಲೇ ನಿಂತಿತು. ಸರ್ಜನ್ ಮುಂದಿನ ಹಾಸಿಗೆಗೆ ಹೋದರು. ಅಮ್ಮ, ತಾನು ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದೆ, ಅದನ್ನು ಕಲಿಸಿದ್ದೂ ತನ್ನಮ್ಮನೇ ಎಂದು ಗೋಡೆಗೆ ಹೇಳಿದಂತೆ ಹೇಳಿದಳು.

ಮಸೆದಿಟ್ಟ ಮಾತುಗಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ಅವಳಿಗೆ ತೋಚಲಿಲ್ಲ.

"ನಿನ್ನನ್ನ ಯಾರೂ ಏನೂ ಕೇಳ್ಲೇ ಇಲ್ವಾಮ್ಮ?"

ಅಮ್ಮ ಹೊದಿಕೆಯನ್ನು ಅವಳ ಎದೆಯವರೆಗೆ ಎಳೆದಳು.

"ಕೇಳ್ತಿದ್ರು. ಅಡುಗೆ ಯಾಕೆ ಇನ್ನೂ ಆಗಿಲ್ಲ ಅಂತ."