ಉಗಿದು ಕೊಟ್ಟ ತೀರ್ಪು

ಬಿಯರ್ ಪರೀಕ್ಷೆಗೆಂದು ಮಿಹಿರ್ ಕರೆತಂದ ತಜ್ಞರನ್ನು ಚಿನ್ಮಯಿ ಕಂಡ ಕೂಡಲೇ ಗುರುತು ಹಿಡಿದಳು. ಬಂದವರು ವಿಶ್ವೇಶ್ವರ. ಐದು ವರ್ಷದ ಹಿಂದೆ ಅವಳು ವಿಚ್ಛೇದನ ಪಡೆದು ಬಿಟ್ಟುಬಂದ ಗಂಡ ಆಕಾಶನ ಅಪ್ಪ. ಇದೇ ಬಂಗಾಳಿ ಊರಿನ ಬೆಹಾಲಾ ಬಡಾವಣೆಯ ಫ್ಲಾಟಿನಲ್ಲಿ ಆರು ವರ್ಷ ಅವಳ ಅಡುಗೆಗೆ ಹೊತ್ತುಹೊತ್ತಿಗೆ ತೀರ್ಪು ಕೊಟ್ಟ ಮಹಾನುಭಾವ.

"ಚಹಾ ಹರಾಜಿನಲ್ಲಿ ಇವರ ನಾಲಿಗೆಯೇ ಕೊನೆಯ ಮಾತು," ಎಂದು ಮಿಹಿರ್ ಇಂಗ್ಲಿಷಿನಲ್ಲಿ ಕೊಚ್ಚಿಕೊಂಡ. ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಆ ಪಬ್ಬಿನ ಮಾಲೀಕ ಅವನು, ತಯಾರಿಸುವವಳು ಚಿನ್ಮಯಿ. "ಇಬ್ಬರೂ ಕರ್ನಾಟಕದವರೇ ಅಲ್ಲವೇ? ಕನ್ನಡದಲ್ಲೇ ಮಾತಾಡಿಕೊಳ್ಳಿ!"

ಇಬ್ಬರೂ ಗುರುತಿಲ್ಲದವರಂತೆ ಕೈಮುಗಿದರು.

ಇಂಗ್ಲೆಂಡಿನ ರೀತಿಯ ಬಿಟರ್ ಎಂಬ ಕಹಿ ಬಿಯರ್ ಮಾಡಲು ಚಿನ್ಮಯಿ ಒಂದು ವರ್ಷ ಮಿಹಿರನ ತಲೆ ತಿಂದಿದ್ದಳು. ಕೊನೆಗೂ ಮಾಡಿದಾಗ ಗಿರಾಕಿಗಳು ಮೂಗು ಮುರಿದರು. ತಣ್ಣಗಿಲ್ಲ, ನೊರೆಯಿಲ್ಲ, ಮಾವಿನ ಹಣ್ಣಿನ ಬಿಯರೇ ಕೊಡಿ ಎಂದರು. ಇವತ್ತು ತಜ್ಞರು ಬೇಡವೆಂದರೆ ಬಿಟರ್ ಬಂದ್ ಎಂದು ಮಿಹಿರ್ ಖಡಾಖಂಡಿತವಾಗಿ ಹೇಳಿದ್ದ. ಈ ಊರಿನಲ್ಲಿ ತನ್ನದು ಎಂದು ಅವಳು ಮಾಡಿದ್ದು ಅದೊಂದೇ. ಹಳೆಯ ಸಂಬಂಧ ಹೇಳಿಬಿಡೋಣವೆಂದರೆ, ಸೋಲುವ ಮೊದಲೇ ನೆಪ ಹುಡುಕುತ್ತಿದ್ದಾಳೆ ಅಂದುಕೊಂಡಾನು.

ವಿಶ್ವೇಶ್ವರ ಜೇಬಿನಿಂದ ಬೆಳ್ಳಿಯ ಚಮಚ ತೆಗೆದರು. ಚಹಾದ ರುಚಿ ನೋಡುವಾಗಿನಂತೆಯೇ ಉಗಿಯಲು ಪಾತ್ರೆ ಬೇಕೆಂದರು. ಅಡುಗೆಮನೆಯಿಂದ ಸ್ಟೀಲಿನ ಬಕೆಟ್ ಬಂತು. ಚಿನ್ಮಯಿ ಬಿಯರ್ ಪೀಪಾಯಿಯ ಕೈಪಂಪು ಎಳೆದು ತಾಮ್ರದ ಬಣ್ಣದ ಬಿಯರನ್ನು ಗ್ಲಾಸಿಗೆ ತುಂಬಿದಳು. ಅವರು ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ಒಂದು ಚಮಚ ಎತ್ತಿ ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಸೊರ್ರೆಂದು ಹೀರಿ, ಬಾಯಲ್ಲೆಲ್ಲ ಆಡಿಸಿ ಬಕೆಟ್ಟಿಗೆ ಉಗಿದರು. ಹಾಗೆ ಮೂರು ಸಲ. ಆಮೇಲೆ ಹಾಳೆಯ ಮೇಲೆ ಏನೋ ಗೀಚಿದರು.

"ಸಪ್ಪೆ," ಎಂದರು. "ಶುರು ಇದೆ, ಕೊನೆ ಇಲ್ಲ. ಕಹಿ ಅಂತ ಹೆಸರಿಟ್ಟಿದ್ದೀರಲ್ಲ, ಕಹಿ ಎಲ್ಲಿದೆ?" ಮಿಹಿರನ ಕಡೆ ತಿರುಗಿ ಬಂಗಾಳಿಯಲ್ಲಿ, "ಚೋಲ್ಬೆ ನಾ," ನಡೆಯುವುದಿಲ್ಲ ಎಂದರು.

ಅದೇ ಮಾತು, ಅದೇ ಧ್ವನಿ. ದಕ್ಷಿಣದವರ ಸಾಮಾನು ಸಿಗುವ ಲೇಕ್ ಮಾರ್ಕೆಟ್ಟಿಗೆ ಹೋಗಿ ಪುಡಿ ತಂದು ಅವಳು ಕುದಿಸಿದ ಸಾರಿಗೂ ಇದೇ 'ಸಪ್ಪೆ' ಬೀಳುತ್ತಿತ್ತು. ಆಮೇಲೆ ಮನೆಯವರೆಲ್ಲ ತಲೆ ಎತ್ತದೆ ಉಣ್ಣುತ್ತಿದ್ದರು, ಗಂಡ ಅನ್ನಿಸಿಕೊಂಡವನೂ ಸೇರಿ. ಚಿನ್ಮಯಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನನ್ನು ಅವಳು ಮನಸಾರೆ ದ್ವೇಷಿಸುತ್ತಿದ್ದಳು.

ಆಗ ಅವಳ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಮೂರು ಚಮಚ ಬಿಯರೂ ಅದರ ತಳದಲ್ಲೇ ಇತ್ತು.

"ನೀವು ನುಂಗೇ ಇಲ್ಲಲ್ರಿ," ಎಂದಳು. ಸಿಟ್ಟು ಬಂದರೆ ಅವಳ ಧಾರವಾಡ ತಾನಾಗಿ ಹೊರಬರುತ್ತಿತ್ತು. "ಚಾ ಉಗುಳಿದ್ರ ನಡೀತದ. ಇದರ ಕಹಿ ನುಂಗಿದ ಮ್ಯಾಲೆ ಗಂಟಲದಾಗ ಬರ್ತದ. ಅರ್ಧಾ ಪುಸ್ತಕ ಓದಿ ಕೊನೀನ ಇಲ್ಲ ಅಂದ್ರ ಹೆಂಗ?"

"ನಲವತ್ತು ವರ್ಷದಿಂದ ಉಗಿದೇ ಹೇಳಿದ್ದೀನಿ."

"ಚಾಕ್ಕ ಹೇಳೀರಿ."

"ನಾನು ಕುಡಿಯೋನಲ್ಲ, ನಿನಗೆ ಗೊತ್ತು." 'ನೀವು' ಹೋಗಿ 'ನೀನು' ಬಂದಿತ್ತು. "ನಾಲಿಗೆ ಮೇಲಿಟ್ಟರೆ ಕೆಲಸ. ನುಂಗಿದರೆ ಕುಡಿತ."

"ಹಂಗಾರ ಗೊತ್ತಾಗಲಿಲ್ಲ ಅಂತ ಬರೀಬೇಕಿತ್ತು. ಸಪ್ಪೆ ಅಂತ ಯಾಕ ಬರದ್ರಿ?"

ಮಿಹಿರ್ ಕಣ್ಣು ಕಣ್ಣು ಬಿಡುತ್ತಿದ್ದ. ಅವಳು ಕಹಿಯ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಬಂಗಾಳಿಗಳು ಹಿರಿಯರನ್ನು ಕರೆಯುವಂತೆ 'ಕಾಕು', ಚಿಕ್ಕಪ್ಪ, ಎಂದು ಕರೆದು ಸಂಕೋಚದಿಂದಲೇ ಕೇಳಿದ: "ಹೌದಾ ಕಾಕು? ನುಂಗದಿದ್ದರೆ ಗೊತ್ತಾಗುವುದಿಲ್ಲವೇ?"

ವಿಶ್ವೇಶ್ವರರ ಮುಖ ಕಪ್ಪಿಟ್ಟಿತು. ಕೊಂಕು, ಬಿಗುಮಾನ, ಹಟ ಎಲ್ಲ ಇದ್ದ ಮನುಷ್ಯ. ಆದರೆ ನಾಲಿಗೆಗೆ ಸಿಕ್ಕಿದ್ದನ್ನು ಸಿಕ್ಕಿಲ್ಲ ಎಂದವರಲ್ಲ. ಚಿನ್ಮಯಿ ನೆಚ್ಚಿಕೊಂಡದ್ದು ಅದೊಂದನ್ನೇ. ಅವರು ಚಮಚ ಕೆಳಗಿಟ್ಟು ಗ್ಲಾಸನ್ನೇ ಎತ್ತಿದರು. ಕಣ್ಣು ಮುಚ್ಚಿ ಅರವತ್ತೆಂಟು ವರ್ಷಗಳಲ್ಲಿ ಮೊದಲ ಗುಟುಕನ್ನು ನುಂಗಿದರು.

ಅವಳು ಅವರ ಗಂಟಲನ್ನೇ ನೋಡುತ್ತಿದ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಹುಬ್ಬು ಮೆಲ್ಲಗೆ ಮೇಲೇರಿತು. ಕಹಿ ಬಂದಿತ್ತು, ತಡವಾಗಿ, ಹುರಿದ ಧಾನ್ಯದ ಸಿಹಿಯ ಬೆನ್ನಿಗೇ. ಅದು ಬೇಗ ಬಿಟ್ಟುಹೋಗುವ ಕಹಿಯಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಇನ್ನೊಂದು ಗುಟುಕು ನುಂಗಿದರು. ಪೆನ್ನು ತೆಗೆದು ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದರು.

"ನನ್ನದೇ ತಪ್ಪು," ಎಂದರು ಮಿಹಿರನಿಗೆ ಇಂಗ್ಲಿಷಿನಲ್ಲಿ. "ಕೊನೆ ಇದೆ. ಬಹಳ ಚೆನ್ನಾಗಿದೆ. ಇಟ್ಟುಕೊಳ್ಳಿ."

ಚಿನ್ಮಯಿಗೆ ಕುಣಿಯಬೇಕೆನ್ನಿಸಿತು. ಆ ಬಕೆಟ್ಟನ್ನು ಎತ್ತಿ ಅವರ ತಲೆಗೆ ಸುರಿಯಬೇಕೆಂದೂ ಅನ್ನಿಸಿತು.

"ಸಾರು ಮಾತ್ರ ಸಪ್ಪೇನೇ ಇರ್ತಿತ್ತು," ಎಂದರು ವಿಶ್ವೇಶ್ವರ, ಕನ್ನಡದಲ್ಲಿ. "ಅದನ್ನ ನುಂಗಿಯೇ ಹೇಳಿದ್ದು."

ಅಷ್ಟರಲ್ಲಿ ಮಿಹಿರ್ ಚಪ್ಪಾಳೆ ತಟ್ಟಿದ. ಇಂಥ ಪ್ರಾಮಾಣಿಕ ನಾಲಿಗೆಯನ್ನು ಬಿಡುವುದುಂಟೇ? ಪ್ರತಿ ತಿಂಗಳ ಹೊಸ ಬಿಟರನ್ನೂ ಕಾಕುವೇ ನೋಡಬೇಕು. ಅವರು ಒಪ್ಪಿದ್ದಷ್ಟೇ ಗಿರಾಕಿಗೆ ಹೋಗಬೇಕು. ಬಾಗಿಲಿನ ಬೋರ್ಡಿನ ಮೇಲೆ ಅವರ ಹೆಸರನ್ನೂ ಬರೆಸುತ್ತೇನೆ ಎಂದ.

ಕುಡಿಯದ ಮನುಷ್ಯ, ಒಪ್ಪಲಾರರು ಎಂದು ಚಿನ್ಮಯಿ ಕಾದಳು. ವಿಶ್ವೇಶ್ವರ ಬಾಯಿ ಒರೆಸಿಕೊಂಡು ನೇರ ಅವಳನ್ನೇ ನೋಡಿದರು.

"ಬರ್ತೀನಿ. ಹೇಗೆ ನುಂಗಬೇಕು ಅಂತ ಇವಳೇ ಕಲಿಸಿದಳಲ್ಲ."

ಮಿಹಿರ್ ಅವಳ ಒಪ್ಪಿಗೆಗೆ ಕಾಯುತ್ತಿದ್ದ. ಬೇಡವೆನ್ನಬೇಕಾದರೆ ಇವರು ಯಾರೆಂದು ಹೇಳಬೇಕು. ಹೇಳಿದರೆ, ಮಾವ ಸೊಸೆಗೆ ಕೊಟ್ಟ ತೀರ್ಪೆಂದು ಈಗ ಸಿಕ್ಕ 'ಚೆನ್ನಾಗಿದೆ'ಯೂ ಮಣ್ಣುಪಾಲು. ಗಂಡನನ್ನು ಬಿಟ್ಟದ್ದಕ್ಕೆ ಅವಳು ಅತ್ತಿರಲಿಲ್ಲ. ಈ ಮುಖದ ಮುಂದೆ ಉಸಿರು ಹಿಡಿದು ನಿಲ್ಲುವುದು ತಪ್ಪಿತಲ್ಲ ಎಂದು ಆಗ ಹಗುರಾಗಿದ್ದಳು.

"ಬರ್ರಿ," ಎಂದಳು.