ಸಣ್ಣ ಮಾತಿನವರು ಮೊದಲು

ಯಾರೇ ಎದುರಾದರೂ ಕುಶಲ ವಿಚಾರಿಸುವ ಮೊದಲು ಮೇಷ್ಟ್ರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ಮದು ಎಷ್ಟು ಹೊತ್ತಿನ ಮಾತು?" ಬೇಗ ಮುಗಿಯುತ್ತದೆ ಎಂದವರಿಗೆ ಕುರ್ಚಿ, ಉದ್ದವಿದೆ ಎಂದವರಿಗೆ ಗೋಡೆ ಪಕ್ಕದ ಬೆಂಚು. ಕತ್ತನ್ನು ಮುಂದಕ್ಕೆ ಚಾಚಿ, ಬಸ್ಸು ತಪ್ಪಿಹೋದೀತೆಂಬಂತೆ ನಡೆಯುತ್ತಿದ್ದ ಈ ಮಹಾಶಯರು ಕಾಲೇಜಿನಲ್ಲಿ ಕಲಿಸುತ್ತಿದ್ದುದು ಆಪರೇಟಿಂಗ್ ಸಿಸ್ಟಮ್ ಪಾಠ; ಅಂದರೆ, ಒಂದೇ ಪ್ರೊಸೆಸರಿಗಾಗಿ ಹತ್ತಾರು ಪ್ರೋಗ್ರಾಮುಗಳು ಏಕಕಾಲಕ್ಕೆ ಕೈಚಾಚಿದಾಗ ಯಾರ ಸರದಿ ಮೊದಲೆಂದು ನಿರ್ಣಯಿಸುವ ವಿದ್ಯೆ. ಚಿಕ್ಕ ಕೆಲಸವನ್ನು ಮೊದಲು ಮುಗಿಸಿದರೆ ಎಲ್ಲರೂ ಕಾಯುವ ಹೊತ್ತು ಒಟ್ಟಾರೆ ಕಡಿಮೆಯಾಗುತ್ತದೆ ಎಂಬ ನಿಯಮ ಅವರ ತಲೆಗೇರಿ, ಮನೆಯ ಹಜಾರಕ್ಕೂ ಬಂದುಬಿಟ್ಟಿತ್ತು.

ಹುಡುಗರು ಚಾಲಾಕಿಗಳು. "ಎರಡೇ ಮಾತು ಸರ್" ಎಂದು ಒಳನುಗ್ಗಿ ಅರ್ಧ ಗಂಟೆ ತಲೆ ತಿನ್ನುತ್ತಿದ್ದರು. ಆ ಮನೆಯಲ್ಲಿ ಸುಳ್ಳು ಹೇಳಲು ಬಾರದವಳೆಂದರೆ ಮೇಷ್ಟ್ರನ್ನು ಎತ್ತಿ ಆಡಿಸಿದ ಅಕ್ಕ. ಅವಳ ಬಲಗಣ್ಣು ಮಂಜಾಗತೊಡಗಿತ್ತು. ಒಬ್ಬಳೇ ಆಸ್ಪತ್ರೆಗೆ ಹೋಗಲು ಪುಕ್ಕಲು. ಆ ಭಯವನ್ನೆಲ್ಲ ಬಿಡಿಸಿ ಹೇಳಿ, ತಮ್ಮನನ್ನು ಜೊತೆಗೆ ಕರೆಯಬೇಕಿತ್ತು. "ನಂದು ಸ್ವಲ್ಪ ಉದ್ದ ಇದೆ ಕಣೋ, ಅವರದ್ದು ಮುಗೀಲಿ" ಎಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಒಬ್ಬ ಏಳುವಷ್ಟರಲ್ಲಿ ಇನ್ನೊಬ್ಬ ಹಾಜರು. ಊಟಕ್ಕೆ ಕೂತಾಗ ಮೇಷ್ಟ್ರ ಮುಖ ಪುಸ್ತಕದೊಳಗೆ.

ಅವರ ಕಂದು ಕೋಟಿಗೆ ಗುಂಡಿ ಹೊಲಿಯುತ್ತಿದ್ದವಳೂ ಅವಳೇ. ಆ ಚಳಿಗಾಲ ಗುಂಡಿಗಳು ಸಾಲು ತಪ್ಪಿ ಕೋಟಿನ ಒಂದು ಮಗ್ಗುಲು ಮೇಲೇರಿತು. ಮೇಷ್ಟ್ರು ಅದನ್ನೇ ತೊಟ್ಟು ಹೋಗಿ, ಅಕ್ಕನಿಗೆ ಅರಳುಮರುಳು ಎಂದು ತರಗತಿಯನ್ನೆಲ್ಲ ನಗಿಸಿದರು.

ಕೆಲವು ವಾರಗಳ ಬಳಿಕ ಆ ನಿಯಮದ ದೋಷ ಹೇಳುವ ಪಾಠ ಬಂತು. ಸಣ್ಣ ಕೆಲಸಗಳು ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿಯೇ ಬಾರದೆ ಅದು ಉಪವಾಸ ಬೀಳುತ್ತದೆ. ಕಾದಷ್ಟೂ ಅದರ ಆದ್ಯತೆ ಹೆಚ್ಚಿಸುವುದೇ ಮದ್ದು. ಪ್ರತಿವರ್ಷ ಬಾಯಿಪಾಠದಂತೆ ಒಪ್ಪಿಸುತ್ತಿದ್ದ ಮಾತು. ಬೋರ್ಡಿನ ಮೇಲೆ, ಕಾಯುವ ಕೆಲಸಗಳ ಸಾಲಿನ ಕಟ್ಟಕಡೆಯ ಚೌಕ ಬರೆಯುತ್ತಿದ್ದ ಕೈ ತಟ್ಟನೆ ನಿಂತಿತು. ಆ ಚೌಕದಲ್ಲಿ ಅಕ್ಕ ಕೂತಿದ್ದಳು. ಪಾಠವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದವರು ಕುರ್ಚಿಯನ್ನು ಬೆಂಚಿನ ಎದುರಿಗೆಳೆದು, ಎಷ್ಟು ಹೊತ್ತಾದರೂ ಆಗಲಿ, ಹೇಳು ಎಂದರು.

"ಈಗ ಸಣ್ಣ ಮಾತೇ ಕಣೋ," ಎಂದಳು ಅವಳು. "ಬಲಗಣ್ಣು ಹೋಯ್ತು."

ತಡವಾಯಿತು ಎಂದರು ಡಾಕ್ಟರು. ಅಕ್ಕ ಒಂದು ದಿನವೂ ದೂರಲಿಲ್ಲ. ಅದರಿಂದಲೇ ಮೇಷ್ಟ್ರು ನಾಚಿಕೆಯಿಂದ ಕುಗ್ಗಿಹೋದರು. ಗುಂಡಿ ಸರಿಮಾಡಿಸಲು ಒಪ್ಪದೆ ಆ ಸೊಟ್ಟ ಕೋಟನ್ನೇ ತೊಟ್ಟರು. ಹೊಸ ಹುಡುಗರು ನಕ್ಕರೆ ತಲೆ ತಗ್ಗಿಸುತ್ತಿದ್ದರು.

ಇಂಥವರು ಕೆಟ್ಟವರಲ್ಲ. ನ್ಯಾಯವಾಗಿ ಹಂಚುತ್ತಿದ್ದೇವೆಂಬ ಸಮಾಧಾನದಲ್ಲಿ, ಗಲಾಟೆ ಮಾಡದವರಿಗೆ ಕಷ್ಟವೇ ಇಲ್ಲವೆಂದು ನಂಬಿಬಿಡುತ್ತಾರೆ. ಸುಮ್ಮನೆ ಕೂತವರ ಕಡೆಗೆ ಅವರು ತಿರುಗುವ ಹೊತ್ತಿಗೆ, ಆ ಕೂತವರ ಬಳಿ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.